ಆರಿದ್ದು ಯಾವುದು?

ಆ ಹುಡುಗಿ ಸ್ಟುಡಿಯೋದ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಅದನ್ನು ನಡೆಸುತ್ತಿದ್ದ ಮೈದುನ ಅವಳನ್ನು ಪಾಸ್‌ಪೋರ್ಟ್ ಫೋಟೋಕ್ಕೆ ಬಂದ ಗಿರಾಕಿ ಎಂದೇ ತಿಳಿದ. ಬೆಳಗಿನಿಂದ ಒಂದು ನೊಣವೂ ಒಳಗೆ ಬಂದಿರಲಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ಸ್ಟೂಲಿನ ಮೇಲೆ ಕೂರಿಸಿ, ಹಿಂದೆ ಬಿಳಿ ಪರದೆ ಇಳಿಸಿ, ದೀಪ ಹಾಕಿ, "ಗದ್ದ ಸ್ವಲ್ಪ ಮೇಲೆ... ಅಷ್ಟೇ. ಹಲ್ಲು ಕೀಳಿಸ್ಕೊಳ್ಳೋಕೆ ಬಂದೋರ ಥರ ಕೂತ್ಕೋಬೇಡಮ್ಮ, ಸ್ವಲ್ಪ ನಗು" ಎಂದ.

ಹುಡುಗಿ ನಗಲಿಲ್ಲ. ಕ್ಯಾಮೆರಾದೊಳಗಿಂದ ಅವನು ನೋಡುತ್ತಿದ್ದಂತೆಯೇ ಅವಳ ತುಟಿ ಅದುರಿತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತುಬಿಟ್ಟಳು. ಮೈದುನನಿಗೆ ನಾಚಿಕೆಯಾಯಿತು. ದೀಪ ಆರಿಸಿ, ನೀರು ತಂದುಕೊಟ್ಟ.

"ನಾನು ಫೋಟೋಗೆ ಬಂದಿಲ್ಲ. ಮೇಲ್ಗಡೆ ಇರೋ ಅಮ್ಮನ್ನ ನೋಡ್ಬೇಕು. ಬೂದಿ ಓದೋರು ಅಂತಾರಲ್ಲ, ಅವರನ್ನ" ಎಂದಳು ಅವಳು.

ಮೇಲ್ಗಡೆ ಇರುವ ಅಮ್ಮ ಎಂದರೆ ಅವನ ಅತ್ತಿಗೆ, ತೀರಿಕೊಂಡ ಅಣ್ಣನ ಹೆಂಡತಿ. ವಿಮಾ ಕಂಪನಿಯಲ್ಲಿ ಆಯಸ್ಸೆಲ್ಲ ಸುಟ್ಟ ಗೋದಾಮು, ಸುಟ್ಟ ಲಾರಿ, ಸುಟ್ಟ ಮನೆಗಳನ್ನು ಕೆದಕಿ ಬೆಂಕಿ ಎಲ್ಲಿಂದ ಎದ್ದಿತು ಎಂದು ಹೇಳುತ್ತಿದ್ದ ಹೆಂಗಸು. ನಿವೃತ್ತಿಯಾದ ಮೇಲೂ ಜನ ಬಿಡಲಿಲ್ಲ. ಊರೆಲ್ಲ ಅವರನ್ನು ಬೂದಿ ಅತ್ತಿಗೆ ಎಂದೂ ಇವನನ್ನು ಬರೀ ಮೈದುನ ಎಂದೂ ಕರೆಯುತ್ತಿತ್ತು. ಅವರು ಹೋದಲ್ಲೆಲ್ಲ ಕ್ಯಾಮೆರಾ ಹೊತ್ತು ಮೈದುನನೂ ಹೋಗುತ್ತಿದ್ದ. ತಾನಿಲ್ಲದಿದ್ದರೆ ಅತ್ತಿಗೆಗೆ ಒಂದು ಕೇಸೂ ಬಗೆಹರಿಯುತ್ತಿರಲಿಲ್ಲ ಎಂದು ಅವನು ನಂಬಿದ್ದ. ಅತ್ತಿಗೆ ಅದನ್ನು ಅಲ್ಲಗಳೆದಿರಲಿಲ್ಲ, ಒಪ್ಪಿಯೂ ಇರಲಿಲ್ಲ.

ಮೇಲಿನ ಕೋಣೆಯಲ್ಲಿ ಹುಡುಗಿ ಕುರ್ಚಿಯ ತುದಿಯಲ್ಲಿ ಕುಳಿತು ಹೇಳತೊಡಗಿದಳು. ಅವಳು ಊರಾಚೆಯ ಬೆಂಕಿ ಸಂಶೋಧನಾ ಕೇಂದ್ರದಲ್ಲಿ ಟೆಕ್ನಿಷಿಯನ್. ವಿದ್ಯುತ್ ಕಾರುಗಳ ಬ್ಯಾಟರಿಗೆ ಬೇಕೆಂದೇ ಬೆಂಕಿ ಹಚ್ಚಿ, ಅದನ್ನು ಅಪಾಯವಿಲ್ಲದೆ ನಂದಿಸುವುದು ಹೇಗೆ ಎಂದು ಕಲಿಯುವ ಜಾಗ ಅದು. ಅವಳ ಅಪ್ಪ ಅಲ್ಲಿಯ ಅಗ್ನಿಶಾಮಕ ತಂಡದ ಮುಖ್ಯಸ್ಥ. ಎಲ್ಲರ ಬಾಯಲ್ಲೂ ಕ್ಯಾಪ್ಟನ್. ಹೋದ ವಾರ ಬ್ಯಾಟರಿ ಮತ್ತೆ ಹೊತ್ತಿಕೊಂಡು ಕ್ಯಾಪ್ಟನ್ ಸುಟ್ಟುಕೊಂಡಿದ್ದರು. ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಹಾಕಿದ್ದರು. ಮಾತಿಲ್ಲ, ಪ್ರಜ್ಞೆಯೂ ಅರೆಬರೆ.

"ಮತ್ತೆ ಹೊತ್ಕೊಂಡ್ತು ಅಂದ್ರೆ?" ಮೈದುನ ಕೇಳಿದ.

"ಬ್ಯಾಟರಿ ಸೌದೆ ಥರ ಅಲ್ಲ ಸರ್. ಉರಿ ನಿಂತ್ರೂ ಒಳಗಿನ ಬಿಸಿ ಹೋಗಿರಲ್ಲ. ಬೆಂಕಿ ಕಂಬಳಿ ಹೊದಿಸಿದ್ರೆ ಅದರ ಅಡೀಲಿ ಗ್ಯಾಸ್ ತುಂಬ್ಕೊಂಡಿರುತ್ತೆ. ತಣ್ಣಗಾಗೋಕೆ ಮುಂಚೆ ಕಂಬಳಿ ಎತ್ತಿದ್ರೆ ಭಗ್ ಅನ್ನುತ್ತೆ. ಅದಕ್ಕೇ ಅಪ್ಪ 'ಆರಿದೆ' ಅನ್ನೋ ಮಾತನ್ನೇ ಬಿಡಿಸಿಬಿಟ್ಟಿದ್ರು. ದೀಪವೂ ಆರುತ್ತೆ, ಟೀನೂ ಆರುತ್ತೆ, ಬಟ್ಟೆನೂ ಆರುತ್ತೆ, ಗಾಯವೂ ಆರುತ್ತೆ. ಬೆಂಕಿ ವಿಷಯದಲ್ಲಿ ಆ ಮಾತು ಬೇಡ ಅಂತ. ಮೊದಲು 'ಉರಿ ನಿಂತಿದೆ' ಅನ್ಬೇಕು, ಆಮೇಲೆ 'ತಣ್ಣಗಾಗಿದೆ' ಅನ್ಬೇಕು. ಬಾಯ್ತಪ್ಪಿ 'ಆರಿದೆ' ಅಂದೋರು ಅವತ್ತು ಎಲ್ಲರ ಬೂಟು ತೊಳೀಬೇಕು."

"ಒಳ್ಳೇ ನಿಯಮ. ಮುಂದೆ ಹೇಳು" ಎಂದರು ಅತ್ತಿಗೆ.

"ಅವತ್ತು ಬೇರೆ ಬೇರೆ ಊರಿನ ಅಗ್ನಿಶಾಮಕ ಅಧಿಕಾರಿಗಳು ನೋಡೋಕೆ ಬಂದಿದ್ರು. ಹೊಸ ಕಂಬಳಿ. ಬ್ಯಾಟರಿಯೊಳಗೆ ಐದು ಕಡೆ ಬಿಸಿ ಅಳೆಯೋ ತಂತಿ ಇಟ್ಟಿದ್ವಿ. ಅಂಕಿ ನನ್ನ ಪರದೆ ಮೇಲೆ ಬರುತ್ತೆ. ಐದೂ ತಣ್ಣಗಾದ್ರೆ ಹಾಲ್ ಬಾಗಿಲ ಮೇಲೆ ಹಸಿರು ದೀಪ ತಾನೇ ಹತ್ತುತ್ತೆ. ಉರಿ ನಿಂತ ಸ್ವಲ್ಪ ಹೊತ್ತಿಗೇ ಅಂಕಿಗಳು ದಬಕ್ಕಂತ ಇಳಿದ್ವು. ಐದೂ ಒಂದೇ ಅಂಕಿ. ಹಸಿರು ದೀಪ ಹತ್ತಿತು. ಇಷ್ಟು ಬೇಗ ಹೇಗೆ ಅಂತ ನನಗೇ ಆಶ್ಚರ್ಯ. ಅಪ್ಪನ್ನ ಹುಡುಕ್ಕೊಂಡು ಹಿಂದಿನ ಓಣಿಗೆ ಹೋದೆ. ಅಪ್ಪ ಇರಲಿಲ್ಲ. ಹಗ್ಗದ ಮೇಲೆ ಒಣಗೋಕೆ ಹಾಕಿದ್ದ ಅವರ ಹಳೇ ಕೋಟು ನೆಲದ ಮೇಲೆ ಬಿದ್ದಿತ್ತು. ಕೊಡವಿ, ಮುಟ್ಟಿ ನೋಡಿ, ಮತ್ತೆ ಹಗ್ಗಕ್ಕೆ ಎಸೆದು ಬಂದೆ. ಕೋಟು ನೆಲಕ್ಕೆ ಬಿತ್ತು ಅಂದ್ರೆ ಅಪ್ಪ ಬೈತಾರೆ ಅಂತ ಯಾರಿಗೂ ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ."

ಅವಳು ನೀರು ಕುಡಿದಳು.

"ವಾಪಸ್ ಬಂದು ಕೂತ ಕೂಡಲೇ ವಾಕಿಟಾಕಿಯಲ್ಲಿ ಅಪ್ಪನ ದನಿ. ಮೊದಲಿನ ಮಾತು ಕರಕರ ಅಂದು ಕೇಳಿಸ್ಲೇ ಇಲ್ಲ. ಕೊನೇದು ಮಾತ್ರ ಕೇಳಿಸ್ತು. '...ಆರಿದ್ಯಾ ಮಗಳೇ?' ನಾನು 'ಆರಿದೆ ಅಪ್ಪಾ' ಅಂದುಬಿಟ್ಟೆ. ಆಮೇಲೆ ಹಾಲ್‌ನಲ್ಲಿ ಭಗ್ಗಂತು. ನಾನು, ವೈರ್‌ಮನ್ ಸೇರಿ ನೀರು ಬಿಟ್ಟು ಅಪ್ಪನ್ನ ಎಳ್ಕೊಂಡು ಬಂದ್ವಿ. ಈಗ ವಿಚಾರಣೆ ಅಧಿಕಾರಿ ಬಂದಿದ್ದಾರೆ. ಪರದೆ ಮೇಲೆ ಬಿಸಿ ಸರಿಯಾಗೇ ತೋರಿಸ್ತಿತ್ತಂತೆ, ನಾನು ನೋಡದೆ 'ಆರಿದೆ' ಅಂದು ಅಪ್ಪನ್ನ ಒಳಗೆ ಕಳಿಸಿದೆನಂತೆ. ಬೆಂಕಿ ಆದ್ಮೇಲೆ ಎಲ್ಲರೂ ಪರದೆ ನೋಡ್ದಾಗ ಅಂಕಿಗಳು ಕೆಂಪಗೆ ಮೇಲೆ ಹೋಗಿದ್ವು, ನಿಜ. ಅಂಕಿಗಳನ್ನ ಉಳಿಸಿಡೋ ಯಂತ್ರ ಅವತ್ತು ಓಡ್ತಾ ಇರಲಿಲ್ಲ. ಇದು ಬರೀ ಪ್ರದರ್ಶನ, ಅದು ಬೇಡ ಅಂತ ಡೈರೆಕ್ಟರು ಹೇಳಿದ್ರು."

"ನಿನ್ನ ಕೆಲಸ ಹೋಗುತ್ತೆ ಅಂತ ಬಂದ್ಯಾ?" ಅತ್ತಿಗೆ ಕೇಳಿದರು.

"ಕೆಲಸ ಹಾಳಾಗಿ ಹೋಗಲಿ ಅಮ್ಮ. ಅಪ್ಪ ಕೇಳಿದ್ದು ಏನನ್ನ? ನನ್ನ ಮಾತು ಕೇಳಿ ಅಪ್ಪ ಬೆಂಕಿಗೆ ಹೋದ್ರಾ? ಅದೊಂದು ಗೊತ್ತಾಗ್ಬೇಕು. ಇಲ್ದಿದ್ರೆ ನಾನು ಆ ಮಂಚದ ಪಕ್ಕ ಹೇಗೆ ಕೂತ್ಕೊಳ್ಳಲಿ?"

ಅತ್ತಿಗೆ ಕನ್ನಡಕ ತೆಗೆದು ಕರವಸ್ತ್ರದಿಂದ ಒರೆಸಿದರು. ಅವರು ಸಮಾಧಾನದ ಮಾತು ಹೇಳುವವರಲ್ಲ. "ಉತ್ತರ ನಿನಗೆ ಇಷ್ಟ ಆಗ್ದೇ ಇರಬಹುದು. ಆದ್ರೂ ಬೇಕಾ?" ಎಂದರು.

"ಬೇಕು."

ಮೈದುನನಿಗೆ ಒಂದು ಕ್ಷಣ, ಈ ಕೇಸು ಒಪ್ಪಿಕೊಳ್ಳದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮರುದಿನ ಬೆಳಿಗ್ಗೆ ಇಬ್ಬರೂ ಕೇಂದ್ರಕ್ಕೆ ಹೋದರು. ಗೇಟಿನ ಪಕ್ಕದಲ್ಲೇ ಆಳೆತ್ತರದ ಜಾಹೀರಾತು ಫಲಕ. 'ಮುಚ್ಚಿದರೆ ಮುಗಿಯಿತು' ಎಂಬ ದಪ್ಪಕ್ಷರದ ಕೆಳಗೆ ಕಂಬಳಿ ಕಂಪನಿಯ ಯಜಮಾನ, ಕಂಬಳಿಯ ತುದಿ ಹಿಡಿದು, ನಿಂಬೆಹಣ್ಣು ನಿಲ್ಲುವಂಥ ಮೀಸೆ ಬಿಟ್ಟು ನಗುತ್ತಿದ್ದ. ಬೆಳಕು ಚೆನ್ನಾಗಿ ಬಿಟ್ಟಿದ್ದಾರೆ ಎಂದು ಮೈದುನ ಮನಸ್ಸಿನಲ್ಲೇ ಮೆಚ್ಚಿಕೊಂಡ.

ಡೈರೆಕ್ಟರು ತಾವೇ ಬಂದು ಬರಮಾಡಿಕೊಂಡರು. ಮೆತ್ತಗಿನ ಮಾತು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಒಂದು ಪೆನ್ನೂ ಇಲ್ಲ. ಹಾಲ್ ತೋರಿಸಿದರು. ಗೋಡೆಗಳು ಮಸಿ ಹಿಡಿದಿದ್ದವು, ನೆಲದ ಮಧ್ಯೆ ಸುಟ್ಟ ಬ್ಯಾಟರಿಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟಿದ್ದರು. ಒಂದು ಪಕ್ಕ ಗಾಜಿನ ಹಿಂದೆ ಅತಿಥಿಗಳು ಕೂರುವ ಗ್ಯಾಲರಿ. ಅಲ್ಲಿಂದ ಹಾಲ್‌ಗೆ ಒಂದು ಪುಟ್ಟ ಬಾಗಿಲು. ಎದುರಿಗೆ ದೊಡ್ಡ ಬಾಗಿಲು, ಅದರ ಮೇಲೆ ಹಸಿರು ದೀಪ. ದೊಡ್ಡ ಬಾಗಿಲಿನ ಹೊರಗೆ ಗೂಟದಲ್ಲಿ ಒಂದು ಹೊಸ ಕೋಟು ಮಡಿಕೆ ಕೂಡ ಬಿಚ್ಚದೆ ನೇತಾಡುತ್ತಿತ್ತು, ಪಕ್ಕದಲ್ಲಿ ಉಸಿರಾಟದ ಮಾಸ್ಕು.

"ಈ ಮಾಸ್ಕ್ ಯಾರದು?" ಅತ್ತಿಗೆ ಕೇಳಿದರು.

"ಕ್ಯಾಪ್ಟನ್‌ದು. ಅವತ್ತು ಹಾಕ್ಕೊಂಡೇ ಇರಲಿಲ್ಲ. ಅದಕ್ಕೇ ಗಂಟಲು ಸುಟ್ಟಿದ್ದು. ಮಗಳ ಮಾತು ನಂಬಿ ಸಲೀಸಾಗಿ ಹೋಗಿಬಿಟ್ರು" ಎಂದರು ಡೈರೆಕ್ಟರು.

ಹಿಂದಿನ ಓಣಿಗೆ ಬಂದರು. ಕಿರಿದಾದ, ಗಾಳಿಯಾಡುವ ಜಾಗ. ಒಂದು ಪಕ್ಕ ಗೋಡೆಗೆ ಕಬ್ಬಿಣದ ಪೆಟ್ಟಿಗೆ. ಬ್ಯಾಟರಿಯಿಂದ ಬರುವ ತಂತಿಗಳು ಅದರೊಳಗೆ ಹಾದು ಮುಂದೆ ಪರದೆಗೆ ಹೋಗುತ್ತಿದ್ದವು. ಅದರ ಪಕ್ಕದಲ್ಲೇ ಹಗ್ಗ. ಹಗ್ಗದ ಮೇಲೆ ಕೋಟಿಲ್ಲ, ಬರೀ ಐದು ಸ್ಟೀಲ್ ಕ್ಲಿಪ್ಪು ಸಾಲಾಗಿ ಕಚ್ಚಿಕೊಂಡಿದ್ದವು.

"ಇಲ್ಲೇ ಕೋಟು ಒಣಗಿಸ್ತಿದ್ರು. ಹೊಸ ಕೋಟು ಕೊಟ್ರೂ ಹಳೇದೇ ಬೇಕು ಅವರಿಗೆ. ಪಾಪ, ನೆಲಕ್ಕೆ ಬಿದ್ದು ಧೂಳಾಗಿದ್ದ ಕೋಟನ್ನೇ ಹಾಕ್ಕೊಂಡು ಹೋದ್ರು" ಎಂದು ಡೈರೆಕ್ಟರು ನಿಟ್ಟುಸಿರು ಬಿಟ್ಟರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಅತ್ತಿಗೆ ಕ್ಲಿಪ್ಪುಗಳನ್ನೂ ಪೆಟ್ಟಿಗೆಯ ಒಳಗಿನ ತಿರುಪುಗಳನ್ನೂ ಹತ್ತಿರದಿಂದ ಫೋಟೋ ತೆಗೆಯಲು ಹೇಳಿದರು. ತಂತಿಗಳ ತಾಮ್ರದ ಬಣ್ಣದ ತುದಿಗಳ ಮೇಲೆ ಹಲ್ಲು ಕಚ್ಚಿದಂಥ ಸಣ್ಣ ಗುರುತುಗಳಿದ್ದವು. ಕತ್ತು ನೋಯಿಸಿಕೊಂಡು ಬಗ್ಗಿ ಬಗ್ಗಿ ತೆಗೆದ ಮೈದುನ, ಇದೆಂಥ ಇಲಿ ಕಚ್ಚಿದ ತಂತಿಗೆ ಇಷ್ಟು ಮರ್ಯಾದೆ ಎಂದು ಗೊಣಗಿಕೊಂಡ.

ಅಷ್ಟರಲ್ಲಿ ವೈರ್‌ಮನ್ ಬಂದ. ಅವನ ಪ್ಯಾಂಟಿನ ಜೇಬುಗಳು ತಂತಿ, ಟೇಪು, ಟೆಸ್ಟರುಗಳಿಂದ ಜೋತುಬಿದ್ದಿದ್ದವು. ಮೊದಲೇ ಜಗಳಕ್ಕೆ ನಿಂತವನಂತೆ ಮಾತಾಡಿದ.

"ನಾನೇ ಮಾಡ್ದೆ ಅಂತ ಗ್ಯಾಲರಿಯಲ್ಲೆಲ್ಲ ಗುಸುಗುಸು ನಡೀತಿದೆ ಅಮ್ಮ. ಅವತ್ತು ಬೆಳಿಗ್ಗೆ ದೀಪದ ಜೋಡಣೆ ಸಡಿಲ ಇದೆ ಅಂತ ಕ್ಯಾಪ್ಟನ್ ನನ್ನ ಬೈದ್ರು, ನಿಜ. ವಾರಕ್ಕೆರಡು ಸಲ ಬೈತಿದ್ರು. ಬೈಸ್ಕೊಂಡೋರೆಲ್ಲ ಸುಡೋಕೆ ಹೊರಟ್ರೆ ಈ ಕೇಂದ್ರದಲ್ಲಿ ಯಾರೂ ಉಳೀತಿರಲಿಲ್ಲ."

"ಗುಸುಗುಸು ಮಾಡ್ತಿರೋದು ಯಾರು?"

"ಕಂಬಳಿ ಸಾಹೇಬ್ರು."

ಕಂಬಳಿ ಸಾಹೇಬ ಎಂದರೆ ಫಲಕದ ಮೇಲಿನ ಯಜಮಾನನೇ. ಗ್ಯಾಲರಿಯಲ್ಲಿ ಕುಳಿತಿದ್ದ. ಮೈದುನನಿಗೆ ಮೊದಲು ಗುರುತೇ ಸಿಗಲಿಲ್ಲ. ಮುಖ ನುಣ್ಣಗಿತ್ತು, ಮೀಸೆ ಇರಲಿಲ್ಲ. ಫಲಕದಲ್ಲಿ ಹುಲಿಯಂತಿದ್ದವನು ಇಲ್ಲಿ ಸಿಪ್ಪೆ ಸುಲಿದ ಬಾಳೆಹಣ್ಣಿನಂತಿದ್ದ. ಮೈದುನ ತಡೆಯಲಾರದೆ, "ಮೀಸೆ ಎಲ್ಲಿ ಸಾರ್? ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗಬಾರ್ದಲ್ಲ" ಎಂದ. ಆತ ನಗಲಿಲ್ಲ. "ಸೆಖೆ. ತೆಗೆದೆ" ಎಂದು ಮುಖ ತಿರುಗಿಸಿದ.

"ಬೆಂಕಿ ಎದ್ದಾಗ ಎಲ್ಲಿದ್ರಿ?" ಅತ್ತಿಗೆ ಕೇಳಿದರು.

"ಇಲ್ಲೇ, ಅತಿಥಿಗಳ ಜೊತೆ. ಕಂಬಳಿ ಮೇಲೆ ಬಿಟ್ಟ ನೀರಿನ ಹಬೆ ಗಾಜಿಗೆಲ್ಲ ಕೂತು ಏನೂ ಕಾಣ್ತಿರಲಿಲ್ಲ. ಆದ್ರೆ ಆ ಹುಡುಗಿ ದನಿ ಈ ಸ್ಪೀಕರ್‌ನಲ್ಲಿ ಸ್ಪಷ್ಟವಾಗಿ ಕೇಳಿಸ್ತು. 'ಆರಿದೆ ಅಪ್ಪಾ' ಅಂದ್ಲು. ನಾವೆಲ್ಲ ಕೇಳಿಸ್ಕೊಂಡ್ವಿ."

"ಕ್ಯಾಪ್ಟನ್ ಕೇಳಿದ ಪ್ರಶ್ನೆ?"

"ಅದು ಈ ಸ್ಪೀಕರ್‌ಗೆ ಬರಲ್ಲ. ಅವಳ ಕೋಣೆ ಮಾತು ಮಾತ್ರ ಬರುತ್ತೆ."

ಬೆಂಕಿ ಮತ್ತೆ ಎದ್ದಾಗ ಅತಿಥಿಯೊಬ್ಬರು ಮೊಬೈಲಿನಲ್ಲಿ ತೆಗೆದ ಚಿತ್ರ ಪತ್ರಿಕೆಯಲ್ಲಿ ಬಂದಿತ್ತು. ಗಾಜಿನಾಚೆ ಬಿಳಿ ಹಬೆ, ಹಬೆಯೊಳಗೆ ಕಿತ್ತಳೆ ಬೆಂಕಿ, ಮೇಲೆ ಒಂದು ಹಸಿರು ಚುಕ್ಕಿ. ಅತ್ತಿಗೆ ಆ ಚುಕ್ಕಿ ಏನೆಂದು ಕೇಳಿದಾಗ ಮೈದುನನ ಎದೆ ಉಬ್ಬಿತು. ಇದು ಅವನ ವಿದ್ಯೆ.

"ಅದೇನೂ ಅಲ್ಲ ಅತ್ತಿಗೆ. ಜೋರು ಬೆಳಕಿಗೆ ಎದುರಾಗಿ ತೆಗೆದ್ರೆ ಲೆನ್ಸಿನೊಳಗೆ ಇಂಥ ಹಸಿರು ಚುಕ್ಕಿ ಬೀಳುತ್ತೆ. ನಮ್ಮ ಕಸುಬಿನೋರಿಗೆ ಗೊತ್ತು."

"ಹೌದಾ? ಹಾಗಾದ್ರೆ ಆ ಹಸಿರು ದೀಪ ಹಾಕಿಸಿ, ಇದೇ ಜಾಗದಿಂದ ಒಂದು ಚಿತ್ರ ತೆಗಿ ನೋಡೋಣ" ಎಂದರು ಅತ್ತಿಗೆ.

ತೆಗೆದ. ಎರಡು ಚಿತ್ರಗಳನ್ನೂ ಪಕ್ಕ ಪಕ್ಕ ಇಟ್ಟರು. ಚುಕ್ಕಿ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಮೈದುನ ಕೆಮ್ಮಿ, ತಾನೂ ಹಾಗೇ ಅಂದುಕೊಂಡಿದ್ದೆ ಎಂದ. ಅತ್ತಿಗೆ ಆಗಲೇ ಬಾಗಿಲ ಕಡೆ ಹೊರಟಿದ್ದರು. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಕೊನೆಗೆ ಆಸ್ಪತ್ರೆಯವರು ಕಟ್ಟಿಟ್ಟಿದ್ದ ಸುಟ್ಟ ಕೋಟನ್ನು ನೋಡಿದರು. ಬೆನ್ನು ಪೂರ್ತಿ ಕರಿಕಲಾಗಿ ಮುಟ್ಟಿದರೆ ಉದುರುತ್ತಿತ್ತು. ಮುಂಭಾಗದಲ್ಲಿ ಜೇಬಿಗೆ ಹಾಕಿದ ತೇಪೆಯ ಹೊಲಿಗೆ ಕೂಡ ಹಾಗೇ ಇತ್ತು. ಮಗಳ ಕೈಹೊಲಿಗೆಯಂತೆ. ಮೈದುನ ಆ ತೇಪೆಯ ಫೋಟೋವನ್ನು ಎರಡು ಸಲ ತೆಗೆದ.

ಎರಡು ದಿನ ಬಿಟ್ಟು ಅತ್ತಿಗೆ ಎಲ್ಲರನ್ನೂ ಗ್ಯಾಲರಿಯಲ್ಲಿ ಸೇರಿಸಿದರು. ಡೈರೆಕ್ಟರು, ಕಂಬಳಿ ಸಾಹೇಬ, ವೈರ್‌ಮನ್, ಹುಡುಗಿ, ವಿಚಾರಣೆ ಅಧಿಕಾರಿ. ಬಾಗಿಲ ಬಳಿ ಮೈದುನ ನಿಂತಿದ್ದ. ಯಾರಾದರೂ ಓಡಿಹೋದರೆ ಹಿಡಿಯಬೇಕೆಂದು ಅವನೇ ತನಗೆ ಕೊಟ್ಟುಕೊಂಡ ಕೆಲಸ ಅದು.

ಅಧಿಕಾರಿ ಗಡಿಯಾರ ನೋಡಿಕೊಂಡರು. "ಅಮ್ಮಾ, ನನ್ನ ವರದಿ ಬಹುಪಾಲು ಮುಗಿದಿದೆ. ಹುಡುಗಿ ಪರದೆ ನೋಡಲಿಲ್ಲ, ಆಡಬಾರದ ಮಾತು ಆಡಿದ್ಲು. ಇದರಲ್ಲಿ ಒಗಟೇನಿದೆ?"

"ಪರದೆಯಿಂದಲೇ ಶುರು ಮಾಡೋಣ" ಎಂದರು ಅತ್ತಿಗೆ. "ಈ ಚಿತ್ರದಲ್ಲಿ ಬೆಂಕಿ ಎದ್ದು ಕೆಂಪಗಿದೆ, ಅದೇ ಹೊತ್ತಿಗೆ ಹಸಿರು ದೀಪವೂ ಉರೀತಿದೆ. ದೀಪ ಹತ್ತೋದು ಅದೇ ಐದು ತಂತಿ ಮಾತು ಕೇಳಿ. ಅಂದ್ರೆ ಬ್ಯಾಟರಿ ಧಗಧಗ ಅಂತಿದ್ರೂ ತಂತಿಗಳು ತಣ್ಣಗಿದೆ ಅಂತಿದ್ವು. ಹುಡುಗಿ ಪರದೆ ನೋಡಿದ್ದಾಳೆ. ಪರದೆ ಸುಳ್ಳು ಹೇಳಿದೆ."

"ತಂತಿ ಕೆಟ್ಟಿರಬಹುದು."

"ಐದೂ ಒಟ್ಟಿಗೆ ಕೆಟ್ಟು, ಐದೂ ಒಂದೇ ಅಂಕಿ ಹೇಳ್ತಾವಾ? ಸ್ನಾನದ ಹಂಡೇಲಿ ಕೈ ಹಾಕಿ ನೋಡಿ, ಮೇಲಿನ ನೀರು ಒಂದು ಬಿಸಿ, ತಳದ್ದು ಒಂದು ಬಿಸಿ. ಅಷ್ಟು ದೊಡ್ಡ ಬ್ಯಾಟರಿಯ ಐದು ಮೂಲೆ ಒಂದೇ ಥರ ತಣ್ಣಗಾಗೋದು ಉಂಟಾ? ಆ ತಂತಿಗಳು ಬ್ಯಾಟರಿ ಬಿಸಿ ಹೇಳ್ತಿರಲೇ ಇಲ್ಲ. ವೈರ್‌ಮನ್, ಈ ಜೋಡಿ ತಂತಿ ಬಿಸಿ ಅಳೆಯೋದು ಎಲ್ಲಿ?"

"ಎರಡೂ ತುದಿ ಎಲ್ಲಿ ಒಂದಕ್ಕೊಂದು ತಾಗುತ್ತೋ ಅಲ್ಲಿ ಅಮ್ಮ."

"ದಾರಿಮಧ್ಯೆ ಎರಡನ್ನೂ ಒಂದಕ್ಕೊಂದು ತಾಗಿಸಿಬಿಟ್ರೆ?"

ವೈರ್‌ಮನ್ ಕಣ್ಣರಳಿಸಿದ. "ಆಗ ಆ ದಾರಿಮಧ್ಯದ ಬಿಸಿ ತೋರಿಸುತ್ತೆ."

"ಹಿಂದಿನ ಓಣಿಯ ಪೆಟ್ಟಿಗೆ ಒಳಗಿನ ಬಿಸಿ. ನೆರಳಲ್ಲಿ ತಣ್ಣಗೆ ಕೂತಿರೋ ಪೆಟ್ಟಿಗೆ. ಐದು ಜೋಡಿ ತಂತಿಯನ್ನ ಐದು ಸ್ಟೀಲ್ ಕ್ಲಿಪ್ಪಿನಿಂದ ಕಚ್ಚಿಸಿದ್ರು. ಕ್ಲಿಪ್ಪಿನ ಹಲ್ಲಿನ ಗುರುತು ತಂತಿ ಮೇಲೇ ಇದೆ, ನಮ್ಮ ಮೈದುನ ತೆಗೆದ ಫೋಟೋ ಇಲ್ಲಿದೆ. ಕ್ಲಿಪ್ಪು ಬಂದಿದ್ದು ಪಕ್ಕದ ಹಗ್ಗದಿಂದ, ಕ್ಯಾಪ್ಟನ್ ಕೋಟಿನಿಂದ. ಕ್ಲಿಪ್ ಕಿತ್ತ ಮೇಲೆ ಕೋಟು ನೆಲಕ್ಕೆ ಬಿತ್ತು. ಬೆಂಕಿ ಎದ್ದು ಗಲಾಟೆ ಆದಾಗ ಅದೇ ಕೈ ಕ್ಲಿಪ್ ಬಿಡಿಸಿ ಖಾಲಿ ಹಗ್ಗಕ್ಕೆ ಸಿಕ್ಕಿಸ್ತು. ಪರದೆ ಮತ್ತೆ ನಿಜ ಹೇಳೋಕೆ ಶುರು ಮಾಡ್ತು. ಎಲ್ಲರೂ ಬಂದು ನೋಡಿದ್ದು ಆ ನಿಜಾನ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತು."

ಕಂಬಳಿ ಸಾಹೇಬ ತಟ್ಟನೆ ವೈರ್‌ಮನ್ ಕಡೆ ಬೆರಳು ತೋರಿಸಿದ. "ನಾನು ಹೇಳಿದ್ನಲ್ಲ! ತಂತಿ ವಿಷಯ ಇವನಿಗಲ್ದೆ ಯಾರಿಗೆ ಗೊತ್ತು?"

"ಇವನ ಜೇಬು ನೋಡಿ. ಇಡೀ ಅಂಗಡಿ ಹೊತ್ಕೊಂಡು ತಿರುಗ್ತಾನೆ. ಒಂದು ಚೂರು ತಂತಿ ಸಾಕಾಗಿದ್ದ ಕಡೆ ಒಣಗೋಕೆ ಹಾಕಿದ ಕೋಟಿನ ಕ್ಲಿಪ್ ಕೀಳೋ ಗತಿ ಇವನಿಗೇಕೆ? ಇದನ್ನ ಮಾಡಿದೋರಿಗೆ ವಿದ್ಯೆ ತಲೇಲಿತ್ತು, ಸಾಮಾನು ಕೈಯಲ್ಲಿರಲಿಲ್ಲ" ಎಂದರು ಅತ್ತಿಗೆ. ಆಮೇಲೆ ಬಹಳ ಮೆಲ್ಲಗೆ ತಿರುಗಿದರು. "ಡೈರೆಕ್ಟರೇ, ಕೋಟು ನೆಲಕ್ಕೆ ಬಿದ್ದು ಧೂಳಾಗಿತ್ತು ಅಂತ ನನಗೆ ಹೇಳಿದ್ರಿ. ನಿಮಗೆ ಯಾರು ಹೇಳಿದ್ರು?"

ಡೈರೆಕ್ಟರು ಬಾಯಿ ತೆರೆದರು. "ಅದು... ಹುಡುಗಿನೇ..."

"ನಾನು ಹೇಳಿಲ್ಲ ಸರ್. ಯಾರಿಗೂ ಹೇಳಿಲ್ಲ" ಎಂದಳು ಹುಡುಗಿ. "ನಾನು ಹೋದಾಗ ಓಣೀಲಿ ಯಾರೂ ಇರಲಿಲ್ಲ. ತಕ್ಷಣ ಎತ್ತಿ ಹಗ್ಗಕ್ಕೆ ಹಾಕ್ದೆ."

"ಬಿದ್ದ ಕೋಟು ನೋಡಿರೋದು ಇಬ್ಬರೇ. ಎತ್ತಿದವಳು, ಬೀಳಿಸಿದೋರು" ಎಂದರು ಅತ್ತಿಗೆ.

ಡೈರೆಕ್ಟರು ಕುರ್ಚಿಯಲ್ಲಿ ಕುಗ್ಗಿದರು. ಆಮೇಲೆ ಒಂದೊಂದಾಗಿ ಹೇಳಿದರು. ಅಧಿಕಾರಿಗಳು ಊಟಕ್ಕೆ ಏಳುವ ಮೊದಲು ಹಸಿರು ದೀಪ ಒಂದು ಸಲ ಹತ್ತಿದ್ದರೆ ಸಾಕಿತ್ತು. ಈ ಕಂಬಳಿ ಅವರಿಗೆಲ್ಲ ಒಪ್ಪಿಗೆಯಾಗಿದ್ದರೆ ಕಂಪನಿಯ ದುಡ್ಡು ಬಂದು ಕೇಂದ್ರ ಉಳಿಯುತ್ತಿತ್ತು, ಇಲ್ಲದಿದ್ದರೆ ಮುಚ್ಚುವ ಮಾತು ನಡೆದಿತ್ತು. "ಮಾರನೇ ದಿನದವರೆಗೂ ಕಂಬಳಿ ಮುಟ್ಟಬಾರ್ದು ಅನ್ನೋದು ಇಲ್ಲಿಯ ನಿಯಮ. ಯಾರೂ ಮುಟ್ಟಲ್ಲ ಅಂದ್ಕೊಂಡೆ. ಒಬ್ಬರಿಗೂ ನೋವಾಗ್ಬೇಕು ಅಂತ ನಾನು..."

"ಅಂದ್ಕೊಳ್ಳಲಿಲ್ಲ. ಒಪ್ತೀನಿ. ಆದ್ರೆ ನೋವಾದ ಮೇಲೆ ಅದನ್ನ ಆ ಮಗು ತಲೆಗೆ ಕಟ್ಟಿದ್ರಲ್ಲ, ಅದನ್ನ ಯೋಚನೆ ಮಾಡೇ ಮಾಡಿದ್ರಿ. ಇನ್ನೂ ಒಂದಿದೆ. ತಪ್ಪು ಈ ಹುಡುಗೀದು, ಕಂಬಳಿದಲ್ಲ ಅಂತ ನಂಬ್ಕೊಂಡು ಆ ಅಧಿಕಾರಿಗಳು ತಂತಮ್ಮ ಊರಿಗೆ ಹೋಗಿದ್ದಾರೆ. ಅವರ ಹುಡುಗರು ಬೂದಿ ಮುಚ್ಚಿದ ಕೆಂಡ ಕೆದಕಿದ್ರೆ?"

ವಿಚಾರಣೆ ಅಧಿಕಾರಿ ತಮ್ಮ ಮುಗಿದ ವರದಿಯನ್ನು ಮಡಚಿ ಚೀಲದೊಳಗೆ ಹಾಕಿದರು.

ಹುಡುಗಿ ಮಾತ್ರ ಅತ್ತಿಗೆಯನ್ನೇ ನೋಡುತ್ತಿದ್ದಳು. "ಅಮ್ಮಾ, ನಾನು ಕೇಳಿದ್ದು ಅದಲ್ಲ" ಎಂದಳು.

"ಗೊತ್ತು. ನಿಮ್ಮಪ್ಪ ಸುಟ್ಟಾಗ ಹಾಕ್ಕೊಂಡಿದ್ದದ್ದು ತೇಪೆ ಇರೋ ಹಳೇ ಕೋಟು. ಹೊಸಾದು ಗೂಟದಲ್ಲೇ ಮಡಿಕೆ ಬಿಚ್ಚದೆ ಇದೆ. ಒದ್ದೆ ಕೋಟನ್ನ ಯಾರೂ ಹಾಕ್ಕೊಳ್ಳಲ್ಲ. ಬಟ್ಟೆಯೊಳಗಿನ ನೀರು ಬಿಸಿಯಾದ್ರೆ ಮೈ ಬೇಯುತ್ತೆ ಅಂತ ನಿಮ್ಮ ಕಸುಬಿನ ಎಲ್ಲರಿಗೂ ಗೊತ್ತು. ಕೋಟು ಆರಿದ್ಯಾ ಅಂತ ಕೇಳಿದ್ರು. ಬೆಂಕಿ ವಿಷಯಕ್ಕೆ ಆ ಮಾತು ಬಳಸೋ ಮನುಷ್ಯ ಅಲ್ಲ ಅವರು, ತಾನೇ ಬಿಡಿಸಿದ ಮಾತು. ನೀನು ಆಗಷ್ಟೇ ಕೋಟು ಮುಟ್ಟಿ ನೋಡಿ ಬಂದಿದ್ದೆ, ಸರಿಯಾದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟೆ."

ಹುಡುಗಿಯ ಕಣ್ಣು ತುಂಬಿತು. "ಮತ್ತೆ ಯಾಕೆ ಒಳಗೆ ಹೋದ್ರು? 'ತಣ್ಣಗಾಗಿದೆ' ಅಂತ ನಾನು ಹೇಳೇ ಇಲ್ಲ."

"ಕಂಬಳಿ ಎತ್ತೋಕೆ ಹೋಗಿದ್ರೆ ಮಾಸ್ಕ್ ಹಾಕ್ಕೊಂಡು ಹೋಗ್ತಿದ್ರು. ಮಾಸ್ಕ್ ಗೂಟದಲ್ಲೇ ಉಳೀತು. ಅಂದ್ರೆ ಕಾವಲಿಗೆ ನಿಲ್ಲೋಕೆ ಅರ್ಧ ತಯಾರಾಗಿದ್ದೋರು ಏನೋ ಕಂಡು ಓಡಿದ್ರು. ಕಂಬಳಿ ಎತ್ತಿದೋರಿಗೆ ಎದೆ, ಮುಖ, ಅಂಗೈ ಸುಡುತ್ತೆ. ಇವರದ್ದು ಬೆನ್ನು ಸುಟ್ಟಿದೆ. ಕಂಬಳಿ ಎತ್ತಿದ್ದು ಬೇರೆಯೋರು. ನಿಮ್ಮಪ್ಪ ಆ ಮನುಷ್ಯನಿಗೂ ಬೆಂಕಿಗೂ ನಡುವೆ ಹೋಗಿ ನಿಂತ್ರು, ಬೆಂಕಿಗೆ ಬೆನ್ನು ಕೊಟ್ಟು."

ಮೈದುನನ ಕಣ್ಣು ತಾನಾಗಿಯೇ ಆ ನುಣುಪು ಮುಖದ ಮೇಲೆ ಹೋಗಿ ನಿಂತಿತು. ಸೆಖೆ ಎಂದಿದ್ದನಲ್ಲ! ಮೀಸೆಯ ಮೇಲೆ ಜೋಕು ಹೊಡೆದಿದ್ದಕ್ಕೆ ಮೈದುನನಿಗೆ ಈಗ ಮೈಯೆಲ್ಲ ಮುಳ್ಳೆದ್ದಿತು.

"ಮೀಸೆ ಎಷ್ಟು ಸುಟ್ಟಿತ್ತು?" ಅತ್ತಿಗೆ ಕೇಳಿದರು.

ಕಂಬಳಿ ಸಾಹೇಬ ಮೇಲ್ದುಟಿಯನ್ನು ಬೆರಳಿನಿಂದ ಮುಚ್ಚಿಕೊಂಡ. ದೊಡ್ಡ ಆಳು, ಮಗುವಿನಂತೆ ಅಳತೊಡಗಿದ. "ಒಂದು ಕಡೆ ಅಷ್ಟೇ. ಹಸಿರು ದೀಪ ಹತ್ತಿತ್ತು. ಸ್ಪೀಕರ್‌ನಲ್ಲಿ 'ಆರಿದೆ' ಅಂತ ಕೇಳಿಸ್ತು. ಹಬೆ ಕಡಿಮೆ ಆದ ಕೂಡ್ಲೇ ಅತಿಥಿಗಳಿಗೆ ಕಂಬಳಿ ಎತ್ತಿ ತೋರಿಸೋಣ ಅಂತ ಈ ಪುಟ್ಟ ಬಾಗಿಲಿಂದ ಹೋದೆ. ತುದಿ ಎತ್ತಿದ್ದೆ ಅಷ್ಟೇ. ಯಾರೋ ಕೂಗಿದ್ರು, ಯಾರೋ ನನ್ನ ಅಪ್ಪಿಕೊಂಡು ಈ ಕಡೆಗೆ ನೂಕಿದ್ರು. ಮುಖ ಕೂಡ ನೋಡಲಿಲ್ಲ. ಎದ್ದು ಓಡಿದೆ, ಆ ಗಲಾಟೇಲಿ ನನ್ನ ಯಾರೂ ಗಮನಿಸಲಿಲ್ಲ. ಆಮೇಲೆ ಹೇಳೋಕೆ ಬಾಯಿ ಬರಲಿಲ್ಲ."

"ಅದಕ್ಕೆ ನನ್ನ ಹೆಸರು ಹೇಳೋಕೆ ಬಾಯಿ ಬಂತು" ಎಂದ ವೈರ್‌ಮನ್.

ಹುಡುಗಿ ಎದ್ದು ನಿಂತಿದ್ದಳು. ಬಿಳಿಚಿಕೊಂಡಿದ್ದಳು. "ಹಾಗಾದ್ರೆ ನನ್ನ ಮಾತು ಕೇಳಿಯೇ ಹೋಗಿದ್ದು. ಅಪ್ಪ ಅಲ್ಲ, ಇವರು. ಕೊನೆಗೂ ನನ್ನ ಮಾತೇ."

ಇಲ್ಲಮ್ಮ ಎಂದು ಅತ್ತಿಗೆ ಹೇಳಲಿ ಎಂದು ಮೈದುನ ಮನಸ್ಸಿನಲ್ಲೇ ಬೇಡಿಕೊಂಡ. ಒಂದು ಸುಳ್ಳು, ಒಂದೇ ಒಂದು. ಅತ್ತಿಗೆ ಹೇಳಲಿಲ್ಲ.

"ಹೌದು. ಮಾತು ನಿಂದು, ಅದು ಕೋಟಿನ ಮಾತು. ಬೆಂಕಿ ಮಾತು ಅಂದ್ಕೊಂಡ ಕಿವಿ ಇವರದ್ದು, ಇವರಿಗೆ ನಿಮ್ಮ ನಿಯಮ ಗೊತ್ತಿಲ್ಲ. ಹೌದು ಅಂತ ಸಾಕ್ಷಿ ಹೇಳಿದ ದೀಪ ಡೈರೆಕ್ಟರದ್ದು. ತೂಕ ಮಾಡಿ ಹಂಚೋಕೆ ನನಗೆ ಬರಲ್ಲ. ಆದ್ರೆ ನಿಮ್ಮಪ್ಪ ಹೋಗಿದ್ದು ನಿನ್ನ ಮಾತು ನಂಬಿ ಅಲ್ಲ. ಕಂಬಳಿ ಅಡೀಲಿ ಏನಿದೆ ಅಂತ ಚೆನ್ನಾಗಿ ಗೊತ್ತಿದ್ದೂ ಹೋದ್ರು."

ಹುಡುಗಿ ತಲೆಯಾಡಿಸಿದಳು. ಅಳಲಿಲ್ಲ. ಸಂಜೆಯವರೆಗೆ ಅದೇ ಗ್ಯಾಲರಿಯಲ್ಲಿ ಕುಳಿತು, ಅವತ್ತು ಬಂದಿದ್ದ ಪ್ರತಿಯೊಬ್ಬ ಅಧಿಕಾರಿಗೂ ಫೋನು ಹಚ್ಚಿ, ಆ ದೀಪ ಸುಳ್ಳು, ಕಂಬಳಿ ಎತ್ತಬೇಡಿ ಎಂದು ಹೇಳಿದಳು. ಒಬ್ಬರಿಗೆ ಕೋಪ ಬಂದು ಕೂಗಾಡಿದ್ದು ಮೈದುನನಿಗೂ ಕೇಳಿಸಿತು. ಅವಳು ಪೂರ್ತಿ ಬೈಸಿಕೊಂಡು ಮತ್ತೆ ಮೊದಲಿನಿಂದ ಹೇಳಿದಳು.

ಆ ವಾರದ ಕೊನೆಯಲ್ಲಿ ಕ್ಯಾಪ್ಟನ್ ಗಂಟಲಿನ ಕೊಳವೆ ತೆಗೆದರು. ಹುಡುಗಿ ಕರೆದಳೆಂದು ಅತ್ತಿಗೆ ಮತ್ತು ಮೈದುನ ಆಸ್ಪತ್ರೆಗೆ ಹೋದರು. ಅವಳು ಮಂಚದ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದಳು. ಮಗ್ಗುಲಾಗಿ ಮಲಗಿಸಿದ್ದ ಕ್ಯಾಪ್ಟನ್ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದರು. ಆಮೇಲೆ ಮಗಳನ್ನು ನೋಡಿ ಏನೋ ಹೇಳಲು ಹೊರಟರು. ಮೊದಲ ಸಲ ಗಾಳಿ ಮಾತ್ರ ಬಂತು. ಅವಳು ಕಿವಿಯನ್ನು ಅವರ ಬಾಯಿಯ ಬಳಿಗೆ ತಂದಳು.

"ಏನಂದ್ರಮ್ಮ?" ಮೈದುನ ತಡೆಯಲಾರದೆ ಕೇಳಿದ.

ಹುಡುಗಿ ತಿರುಗಿ ನೋಡಿದಳು. ಆ ಮುಖವನ್ನು ಮೈದುನ ಎಷ್ಟೋ ವರ್ಷ ಮರೆಯಲಿಲ್ಲ.

"'ಆ ಮೀಸೆಯೋನು ಉಳಿದ್ನಾ?' ಅಂತ ಕೇಳ್ತಿದ್ದಾರೆ" ಎಂದಳು.